ಅಧಿಕಾರ ಕಂಡವರು ಇನ್ನೊಬ್ಬರ ಬದುಕು ಬರೆಯಲಿ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತುವವರಲ್ಲಿ ಹೆಚ್ಚಿನವರು ಗೊಮ್ಮಟನನ್ನು ನೋಡುವ ಆತುರದಲ್ಲಿ ಒಂದು ಕಂಬವನ್ನು ಗಮನಿಸದೆ ದಾಟಿಹೋಗುತ್ತಾರೆ. ಅದು ತ್ಯಾಗದ ಬ್ರಹ್ಮದೇವರ ಕಂಬ. ಮೈತುಂಬ ಬಳ್ಳಿಯ ಕೆತ್ತನೆ, ಮೇಲೊಂದು ಮಂಟಪ. ಕಂಬದ ಅಡಿಯಲ್ಲಿ ಕರವಸ್ತ್ರ ತೂರಿಸಿ ಆಚೆಯಿಂದ ಎಳೆದುಕೊಳ್ಳಬಹುದು ಎಂದು ಅಲ್ಲಿನವರು ಹೇಳುವುದುಂಟು. ಕಂಬದ ಬುಡದಲ್ಲಿ ಗಂಗರ ಮಂತ್ರಿ ಚಾವುಂಡರಾಯನ ಬದುಕಿನ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಕೆತ್ತಿಸಲಾಗಿತ್ತು. ಅವನ ವಂಶ, ಅವನು ಗೆದ್ದ ಯುದ್ಧಗಳು, ಅವನಿಗೆ ಬಂದ ಬಿರುದುಗಳು ಅದರಲ್ಲಿದ್ದವು. ಈಗ ಉಳಿದಿರುವುದು ಅದರ ಒಂದು ಪಾಲು ಮಾತ್ರ. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಎಂಬ ಅಧಿಕಾರಿಯೊಬ್ಬ ತನ್ನದೊಂದು ಪುಟ್ಟ ಶಾಸನ ಬರೆಸಲು ಚಾವುಂಡರಾಯನ ಕಥೆಯ ಬಹುಭಾಗವನ್ನು ಉಳಿಯಿಂದ ಹೊಡೆಸಿ ಹಾಕಿದ ಎಂದು ಶಾಸನತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಒಬ್ಬ ರಾಜಕಾರಣಿಯ ಜೀವನಚರಿತ್ರೆ ಹೀಗೆ ಹಾಸನ ಜಿಲ್ಲೆಯಲ್ಲಿ, ಇಂದಿನ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಎಂಟುನೂರು ವರ್ಷಗಳ ಹಿಂದೆ ಅಳಿಸಿಹೋಯಿತು. ಹಾಗೆ ಅಳಿಸಿಹೋದ ಮನುಷ್ಯ ತಾನೇ ಇತರರ ಜೀವನಚರಿತ್ರೆಗಳನ್ನು ಬರೆದವನಾಗಿದ್ದ.

ಚಾವುಂಡರಾಯನನ್ನು ನಾವು ಗೊಮ್ಮಟನನ್ನು ಕಡೆಸಿದವನೆಂದು ನೆನೆಯುತ್ತೇವೆ. ಆದರೆ ಅವನ ದಿನನಿತ್ಯದ ಕಸುಬು ರಾಜಕಾರಣ. ಗಂಗರ ಮಾರಸಿಂಹನಿಗೂ ಅವನ ನಂತರ ಬಂದ ರಾಚಮಲ್ಲನಿಗೂ ಅವನು ಮಂತ್ರಿ, ದಂಡನಾಯಕ. ಅವನ ಕಾಲವೂ ಸುಲಭದ್ದಲ್ಲ. ಎರಡು ಶತಮಾನ ದಕ್ಷಿಣವನ್ನು ಆಳಿದ ರಾಷ್ಟ್ರಕೂಟರು 973ರಲ್ಲಿ ಚಾಲುಕ್ಯ ತೈಲಪನ ಕೈಗೆ ಸಿಕ್ಕಿ ಕುಸಿದರು. ಅವರ ಆಸರೆಯಲ್ಲೇ ಬಾಳಿದ್ದ ಗಂಗರ ಮನೆಗೆ ಅದರಿಂದ ನಡುಗಂಬವೇ ಬಿದ್ದಂತಾಯಿತು. ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರಕ್ಕೆ ಹೋಗಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟ. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ ಆ ದೊರೆಯ ಪರಾಕ್ರಮವೂ ಕೊನೆಯೂ ಕೆತ್ತಿವೆ. ದೊರೆ ಹೋದ ಮೇಲೆ ಒಳಜಗಳ, ಗಡಿಯಲ್ಲಿ ನೊಳಂಬರು, ತಲೆಯ ಮೇಲೆ ಹೊಸ ಚಾಲುಕ್ಯರು. ರಾಜ್ಯ ಹಿಡಿದು ನಿಲ್ಲಿಸುವ ಹೊರೆ ಚಾವುಂಡರಾಯನ ಹೆಗಲ ಮೇಲೆ ಬಿತ್ತು.

ಇಂಥ ಹೊತ್ತಿನಲ್ಲಿ, 978ರಲ್ಲಿ, ಅವನು ಒಂದು ದೊಡ್ಡ ಕನ್ನಡ ಗ್ರಂಥ ಬರೆದು ಮುಗಿಸಿದ. ಅದರ ಹೆಸರು ತ್ರಿಷಷ್ಟಿಲಕ್ಷಣ ಮಹಾಪುರಾಣ. ಜನ ಕರೆಯುವುದು ಚಾವುಂಡರಾಯ ಪುರಾಣವೆಂದೇ. ಜೈನ ಪರಂಪರೆಯ 63 ಮಹಾಪುರುಷರ ಜೀವನಗಳು ಅದರಲ್ಲಿವೆ: ತೀರ್ಥಂಕರರು 24, ಚಕ್ರವರ್ತಿಗಳು 12, ಬಲದೇವ, ವಾಸುದೇವ, ಪ್ರತಿವಾಸುದೇವರು ಒಂಬತ್ತೊಂಬತ್ತು ಮಂದಿ. ಸಂಸ್ಕೃತದಲ್ಲಿ ಜಿನಸೇನ, ಗುಣಭದ್ರರು ಅದಾಗಲೇ ಹೇಳಿದ್ದ ಕಥೆಗಳನ್ನು ಅವನು ಕನ್ನಡ ಗದ್ಯಕ್ಕೆ ತಂದ. ಕವಿಗಳೆಲ್ಲ ಚಂಪುವಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಗದ್ಯವನ್ನು ಆರಿಸಿಕೊಂಡದ್ದನ್ನು ಲಘುವಾಗಿ ಕಾಣಬಾರದು. ವಡ್ಡಾರಾಧನೆ ಬಿಟ್ಟರೆ ನಮಗೆ ಉಳಿದು ಬಂದಿರುವ ಹಳೆಯ ದೊಡ್ಡ ಗದ್ಯಕೃತಿ ಇದೇ. ಗ್ರಂಥದಲ್ಲಿ ತನ್ನ ಬಿರುದುಗಳು ಯಾವ ಯಾವ ಯುದ್ಧದಿಂದ ಬಂದವೆಂದು ಹೇಳಿಕೊಳ್ಳುವುದನ್ನೂ ಅವನು ಬಿಟ್ಟಿಲ್ಲ. ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ, ಹೀಗೆ ಸಾಗುತ್ತದೆ ಆ ಪಟ್ಟಿ.

ಇದು ಪುರಾಣ ತಾನೆ, ಇದನ್ನು ಜೀವನಚರಿತ್ರೆ ಎನ್ನಬಹುದೆ ಎಂದು ಕೇಳುವವರಿದ್ದಾರೆ. ಇಂದಿನ ಅರ್ಥದಲ್ಲಿ ಅಲ್ಲ, ಸರಿ. ಆದರೆ ಭರತ–ಬಾಹುಬಲಿಯ ಭಾಗವನ್ನು ದಂಡನಾಯಕನೊಬ್ಬ ಬರೆದಿದ್ದಾನೆ ಎಂಬುದನ್ನು ಮನಸ್ಸಿನಲ್ಲಿಟ್ಟು ಓದಿ ನೋಡಬೇಕು. ಅಣ್ಣತಮ್ಮಂದಿರು ರಾಜ್ಯಕ್ಕಾಗಿ ಎದುರುಬದುರು ನಿಲ್ಲುತ್ತಾರೆ. ಸೈನ್ಯ ಸಾಯುವುದು ಬೇಡವೆಂದು ಇಬ್ಬರೇ ಹೋರಾಡುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮ ಗೆಲ್ಲುತ್ತಾನೆ. ಗೆದ್ದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟು ಕಾಡಿಗೆ ನಡೆಯುತ್ತಾನೆ. ಸಿಂಹಾಸನದ ಸುತ್ತಲಿನ ರಕ್ತಪಾತವನ್ನು ಹತ್ತಿರದಿಂದ ಕಂಡವನಿಗೆ, ತನ್ನ ದೊರೆಯೇ ರಾಜ್ಯ ಬಿಟ್ಟು ಹೊರಟದ್ದನ್ನು ನೋಡಿದವನಿಗೆ, ಈ ಕಥೆ ಗ್ರಂಥದಲ್ಲಿ ಓದಿ ಮುಗಿಸುವ ಕಥೆಯಾಗಿ ಉಳಿಯಲಿಲ್ಲ. ಮೂರು ವರ್ಷಗಳಲ್ಲಿ, ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ 981ರಲ್ಲಿ, ಅದೇ ಬಾಹುಬಲಿ ಸುಮಾರು 58 ಅಡಿ ಎತ್ತರದ ಏಕಶಿಲೆಯಾಗಿ ಬೆಟ್ಟದ ತುದಿಯಲ್ಲಿ ನಿಂತ. ಮಂತ್ರಿಯೊಬ್ಬ ತಾನು ಬರೆದ ಬದುಕನ್ನೇ ಕಲ್ಲಿನಲ್ಲೂ ನಿಲ್ಲಿಸಿದ್ದು ಲೋಕದಲ್ಲೇ ಅಪರೂಪ.

ಅಧಿಕಾರದಲ್ಲಿದ್ದುಕೊಂಡು ಇನ್ನೊಬ್ಬರ ಬದುಕನ್ನು ಬರೆಯುವ ಈ ಅಭ್ಯಾಸ ನಮ್ಮಲ್ಲಿ ಮುಂದೆ ಬೆಳೆಯಲಿಲ್ಲ. ಅದು ದೊಡ್ಡ ಮರವಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ.

ಅಲ್ಲಿನ ರಾಯ್ ಜೆಂಕಿನ್ಸ್ ಅವರ ಬದುಕನ್ನು ಹಾಸನದ ರಾಜಕಾರಣಿಗಳು ಒಮ್ಮೆ ಓದಬೇಕು. 1920ರಲ್ಲಿ ವೇಲ್ಸ್‌ನ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟಿದವರು. ತಂದೆ ಆರ್ಥರ್ ಗಣಿಯೊಳಗೆ ದುಡಿದವರು, ಕಾರ್ಮಿಕ ಸಂಘ ಕಟ್ಟಿದವರು, 1926ರ ಮುಷ್ಕರದ ಹೊತ್ತಿನ ಗಲಾಟೆಯಲ್ಲಿ ಜೈಲಿಗೆ ಹೋದವರು, ಮುಂದೆ ಪಾರ್ಲಿಮೆಂಟ್ ಸದಸ್ಯರಾದವರು. ಮಗ ಆಕ್ಸ್‌ಫರ್ಡಿನಲ್ಲಿ ಓದಿ, ಮಹಾಯುದ್ಧದಲ್ಲಿ ಶತ್ರುವಿನ ಗುಪ್ತಸಂದೇಶ ಬಿಡಿಸುವ ಕೆಲಸ ಮಾಡಿ, 1948ರಲ್ಲಿ ಲೇಬರ್ ಪಕ್ಷದಿಂದ ಪಾರ್ಲಿಮೆಂಟಿಗೆ ಬಂದರು. ಎರಡು ಬಾರಿ ಗೃಹಸಚಿವ, ನಡುವೆ ಹಣಕಾಸು ಸಚಿವ, ಆಮೇಲೆ ಯೂರೋಪಿಯನ್ ಕಮಿಷನ್ನಿನ ಅಧ್ಯಕ್ಷ. ಹಳೆಯ ಪಕ್ಷದ ಹಾದಿ ಒಪ್ಪಿಗೆಯಾಗದೆ 1981ರಲ್ಲಿ ಹೊಸ ಪಕ್ಷ ಕಟ್ಟಿದವರಲ್ಲೂ ಒಬ್ಬರು. ಪ್ರಧಾನಿ ಮಾತ್ರ ಆಗಲಿಲ್ಲ.

ಇಷ್ಟರ ನಡುವೆ ಅವರು ಬರೆದದ್ದನ್ನು ನೋಡಿ. ಆಟ್ಲಿ, ಡಿಲ್ಕ್, ಆಸ್ಕ್ವಿತ್, ಟ್ರೂಮನ್, ಬಾಲ್ಡ್‌ವಿನ್, 1995ರಲ್ಲಿ ಗ್ಲಾಡ್‌ಸ್ಟನ್, 2001ರಲ್ಲಿ ಚರ್ಚಿಲ್. 2003ರಲ್ಲಿ ಕಣ್ಣು ಮುಚ್ಚಿದಾಗ ಮೇಜಿನ ಮೇಲೆ ರೂಸ್‌ವೆಲ್ಟ್ ಜೀವನಚರಿತ್ರೆ ಬಹುಪಾಲು ಮುಗಿದು ನಿಂತಿತ್ತು. ಈ ಪಟ್ಟಿಯಲ್ಲಿ ಅವರ ಸ್ವಂತ ಪಕ್ಷದವರು ಆಟ್ಲಿ ಒಬ್ಬರೇ. ಆಸ್ಕ್ವಿತ್, ಗ್ಲಾಡ್‌ಸ್ಟನ್, ಡಿಲ್ಕ್ ಲಿಬರಲ್‌ಗಳು. ಬಾಲ್ಡ್‌ವಿನ್ ಕನ್ಸರ್ವೇಟಿವ್. ಚರ್ಚಿಲ್ ಜೀವನದ ಬಹುಕಾಲ ಕನ್ಸರ್ವೇಟಿವ್ ಪಕ್ಷದಲ್ಲಿದ್ದವರು, ಜೆಂಕಿನ್ಸ್ ಸಭೆಗೆ ಬಂದಾಗ ಎದುರಿನ ಸಾಲಿನಲ್ಲಿ ಕೂತಿದ್ದವರು. ಗಣಿಕಾರ್ಮಿಕನ ಮಗ ತನ್ನ ತಂದೆಯ ಪಕ್ಷ ಯಾರ ವಿರುದ್ಧ ಹೋರಾಡಿತೋ ಅವರ ಬದುಕನ್ನು ವರ್ಷಗಟ್ಟಲೆ ಕೂತು ಬಿಡಿಸಿ ನೋಡಿದ್ದು ದೊಡ್ಡ ಮನಸ್ಸಿನ ಕೆಲಸ.

ಬರವಣಿಗೆ ಅವರಿಗೆ ಸುಲಭದ ಹಾದಿಯೂ ಆಗಿರಲಿಲ್ಲ. ಆಸ್ಕ್ವಿತ್ ಪ್ರಧಾನಿಯಾಗಿದ್ದಾಗ ವೆನೆಷಿಯಾ ಸ್ಟ್ಯಾನ್ಲಿ ಎಂಬ ತರುಣಿಗೆ ದಿನವೂ ಎಂಬಂತೆ ಪತ್ರ ಬರೆಯುತ್ತಿದ್ದರು. ಮೊದಲ ಮಹಾಯುದ್ಧದ ಗುಟ್ಟಿನ ಸಂಗತಿಗಳು ಕೂಡ ಆ ಪತ್ರಗಳಲ್ಲಿ ಹೋಗುತ್ತಿದ್ದವು. ಜೆಂಕಿನ್ಸ್ 1964ರ ತಮ್ಮ ಪುಸ್ತಕದಲ್ಲಿ ಅವನ್ನು ಬಳಸಿಕೊಂಡರು. ಆಸ್ಕ್ವಿತ್ ಅವರ ಮಗಳು ವೈಲೆಟ್ ಆಗಿನ್ನೂ ಬದುಕಿದ್ದರು, ಅವರಿಗೆ ಇದು ಹಿಡಿಸಲಿಲ್ಲ. ಮನೆಯವರ ಮನಸ್ಸು ನೋಯಿಸದೆ, ಹಾಗೆಂದು ಸತ್ಯವನ್ನೂ ಬಚ್ಚಿಡದೆ ಬರೆಯುವುದು ಎಷ್ಟು ಕಷ್ಟವೆಂದು ಆಗ ಅವರಿಗೆ ಗೊತ್ತಾಗಿರಬೇಕು. ಮರುವರ್ಷ ಡಿಸೆಂಬರಿನಲ್ಲಿ ಅವರೇ ಗೃಹಸಚಿವರಾದರು.

ಅಧಿಕಾರದ ಅನುಭವ ಪುಸ್ತಕಕ್ಕೆ ಏನು ಕೊಡುತ್ತದೆ ಎಂಬುದು ಗ್ಲಾಡ್‌ಸ್ಟನ್ ಪುಸ್ತಕದಲ್ಲಿ ತಿಳಿಯುತ್ತದೆ. ಗ್ಲಾಡ್‌ಸ್ಟನ್ ಹಣಕಾಸು ಸಚಿವರಾಗಿ ಹೆಸರು ಮಾಡಿದವರು. ಜೆಂಕಿನ್ಸ್ ಕೂಡ 1967ರಲ್ಲಿ ಪೌಂಡ್ ಬೆಲೆ ಇಳಿಸಿದ ಕೂಡಲೇ ಆ ಖಾತೆ ಹಿಡಿದು ಮೂರು ಬಜೆಟ್ ಮಂಡಿಸಿದವರು. 1970ರ ಚುನಾವಣೆ ಎದುರಿಗಿದ್ದಾಗಲೂ ಅವರು ಖಜಾನೆಯ ಬಾಯಿ ಬಿಚ್ಚಲಿಲ್ಲ. ಪಕ್ಷ ಸೋತಿತು, ಸ್ವಂತ ಪಕ್ಷದವರೇ ಅವರತ್ತ ಬೆರಳು ತೋರಿಸಿದರು. ಬಜೆಟ್ಟಿನ ಹಿಂದಿನ ರಾತ್ರಿ ಸಚಿವನ ಎದೆಯಲ್ಲಿ ಏನಿರುತ್ತದೆ, ಸಂಪುಟದಲ್ಲಿ ಯಾರ ಮೌನಕ್ಕೆ ಯಾವ ಬೆಲೆ, ಒಂದು ಮಾತು ತಪ್ಪಿದರೆ ಸಭೆ ಹೇಗೆ ತಿರುಗಿ ಬೀಳುತ್ತದೆ, ಇವನ್ನು ಹೊರಗಿನಿಂದ ನೋಡಿದ ಇತಿಹಾಸಕಾರ ಊಹಿಸಬೇಕು. ಕೂತು ಎದ್ದವನಿಗೆ ಅದು ಗೊತ್ತಿರುತ್ತದೆ. ಇದಕ್ಕಿಂತ ಹೆಚ್ಚಿನದು ಚರ್ಚಿಲ್ ಪುಸ್ತಕದ ಕೊನೆಯಲ್ಲಿದೆ. ಬರೆಯಲು ಹೊರಟಾಗ ಅವರಿಗೆ ಗ್ಲಾಡ್‌ಸ್ಟನ್ ದೊಡ್ಡವರೆನಿಸಿತ್ತು. ಬರೆದು ಮುಗಿಸುವ ಹೊತ್ತಿಗೆ ಚರ್ಚಿಲ್‌ ಅವರನ್ನೇ ಒಂದು ಮೆಟ್ಟಿಲು ಮೇಲಿಟ್ಟರು. ಎಂಬತ್ತು ವರ್ಷದ ರಾಜಕಾರಣಿಯೊಬ್ಬ ತನ್ನ ಹಳೆಯ ತೀರ್ಪನ್ನು ಬಹಿರಂಗವಾಗಿ ತಿದ್ದಿಕೊಂಡ. ಯಾವ ಸದನದಲ್ಲೂ ಇದು ಸುಲಭವಾಗಿ ಕಾಣಸಿಗುವುದಿಲ್ಲ.

ಜೆಂಕಿನ್ಸ್ ಒಬ್ಬರೇ ಅಲ್ಲ. ಚರ್ಚಿಲ್ ತಾವೇ ತಂದೆಯ ಜೀವನಚರಿತ್ರೆಯನ್ನು 1906ರಲ್ಲಿ ಹೊರತಂದರು. ಅಧಿಕಾರದಿಂದ ದೂರವಿದ್ದ 1930ರ ದಶಕದಲ್ಲಿ ಪೂರ್ವಜ ಮಾರ್ಲ್‌ಬರೊ ಕುರಿತು ನಾಲ್ಕು ಸಂಪುಟ ಬರೆದರು. ವಿಲಿಯಂ ಹೇಗ್ 2001ರ ಚುನಾವಣೆಯಲ್ಲಿ ಸೋತು ಪಕ್ಷದ ನಾಯಕತ್ವ ಬಿಟ್ಟ ಮೇಲೆ, 24ನೇ ವಯಸ್ಸಿಗೆ ಪ್ರಧಾನಿಯಾದ ಕಿರಿಯ ಪಿಟ್ ಕುರಿತು ಬರೆದರು. ನಂತರ ಮರಳಿ ಬಂದು ವಿದೇಶಾಂಗ ಸಚಿವರಾದರು. ಸೋತ ರಾಜಕಾರಣಿಗೆ ಕೈಯಲ್ಲೊಂದು ಕೆಲಸ ಬೇಕು. ಅಲ್ಲಿ ಹಲವರು ಆ ಕೆಲಸವನ್ನು ಗ್ರಂಥಭಂಡಾರದಲ್ಲಿ ಕಂಡುಕೊಂಡರು.

ಈ ಸಾಲಿನ ಒಬ್ಬರಿಗೆ ನಮ್ಮ ನಾಡಿನ ನಂಟೂ ಇದೆ. ಜಾನ್ ಮಾರ್ಲೆ, ಗ್ಲಾಡ್‌ಸ್ಟನ್ ಸಂಪುಟದಲ್ಲಿ ಸಚಿವರಾಗಿದ್ದವರು, 1903ರಲ್ಲಿ ಅದೇ ಗ್ಲಾಡ್‌ಸ್ಟನ್‌ರ ಜೀವನಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದರು. ಎರಡು ವರ್ಷ ಕಳೆದು ಭಾರತ ಸಚಿವರಾದರು. ಶಾಲೆಯ ಪಾಠದಲ್ಲಿ ನಾವೆಲ್ಲ ಓದಿದ 1909ರ ಮಿಂಟೊ–ಮಾರ್ಲೆ ಸುಧಾರಣೆಯ ಮಾರ್ಲೆ ಇವರೇ. ಗೋಪಾಲಕೃಷ್ಣ ಗೋಖಲೆ ಲಂಡನ್ನಿಗೆ ಹೋಗಿ ಇವರ ಮುಂದೆ ಕೂತು ಭಾರತದ ಪರ ವಾದಿಸಿದರು. ಆ ಗೋಖಲೆಯವರ ಬದುಕನ್ನು ಕನ್ನಡದಲ್ಲಿ ಬರೆದವರು ಡಿ.ವಿ. ಗುಂಡಪ್ಪ. 1926ರಿಂದ 1940ರವರೆಗೆ ಮೈಸೂರಿನ ಶಾಸನ ಪರಿಷತ್ತಿನಲ್ಲಿದ್ದವರು, ಮಾರ್ಲೆಯಂಥವರನ್ನು ಆಳವಾಗಿ ಓದಿಕೊಂಡವರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಹೆಸರಿನ ಸಂಸ್ಥೆ ಕಟ್ಟಿದವರು. ದಿವಾನ್ ರಂಗಾಚಾರ್ಲು ಕುರಿತೂ ಬರೆದರು. ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳಲ್ಲಿ ಒಂದನ್ನು ಪೂರ್ತಿ ಮೈಸೂರಿನ ದಿವಾನರಿಗೇ ಮೀಸಲಿಟ್ಟರು. ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅಲ್ಲಿ ಹಾರ ಹಾಕಿದ ಭಾವಚಿತ್ರಗಳಾಗಿ ಉಳಿದಿಲ್ಲ. ಕಡತ ತಿರುವುವ, ಸಿಟ್ಟಾಗುವ, ಸೋಲುವ ಮನುಷ್ಯರಾಗಿ ಕಾಣುತ್ತಾರೆ. ಡಿವಿಜಿಯವರಲ್ಲಿ ಕವಿಯನ್ನು ನಾವು ಎತ್ತಿ ಆಡುತ್ತೇವೆ. ರಾಜಕಾರಣದ ಚರಿತ್ರಕಾರನನ್ನು ಮರೆತಿದ್ದೇವೆ.

ಹಾಸನದ ಪಾಲಿಗೆ ಇನ್ನೂ ಹತ್ತಿರದ ಹೆಸರು ಗೊರೂರು ರಾಮಸ್ವಾಮಿ ಅಯ್ಯಂಗಾರ್. 1904ರಲ್ಲಿ ಹೇಮಾವತಿ ದಂಡೆಯ ಗೊರೂರಿನಲ್ಲಿ ಹುಟ್ಟಿ, ಗಾಂಧೀಜಿಯ ಕರೆಗೆ ಓದು ಬಿಟ್ಟು, ಖಾದಿ ಕೆಲಸಕ್ಕೆ ನಿಂತು, ಸೆರೆಮನೆ ಕಂಡು, ಸ್ವಾತಂತ್ರ್ಯದ ನಂತರ ವಿಧಾನ ಪರಿಷತ್ತಿನ ಸದಸ್ಯರಾದವರು. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಅವರೇ. ಹಳ್ಳಿಯ ಚಿತ್ರಗಳು, ನಮ್ಮ ಊರಿನ ರಸಿಕರು ಪುಸ್ತಕಗಳಲ್ಲಿ ಅವರು ಊರಿನ ಸಾಮಾನ್ಯರ ಬದುಕನ್ನೇ ಬರೆದರು. ಒಂದು ಹಳ್ಳಿಯ ಜನ ಹೇಗೆ ಮಾತಾಡುತ್ತಿದ್ದರು, ಯಾತಕ್ಕೆ ಜಗಳವಾಡುತ್ತಿದ್ದರು, ಯಾರ ಮನೆಯ ಜಗಲಿಯಲ್ಲಿ ಯಾವ ಪಂಚಾಯಿತಿ ನಡೆಯುತ್ತಿತ್ತು ಎಂಬುದನ್ನು ಇಷ್ಟು ಪ್ರೀತಿಯಿಂದ ದಾಖಲಿಸಿದ ಇನ್ನೊಬ್ಬ ಪರಿಷತ್ ಸದಸ್ಯರನ್ನು ನೆನೆಯಲು ಆಗುವುದಿಲ್ಲ. 1980ರಲ್ಲಿ ಅಮೆರಿಕದ ಪ್ರವಾಸಕಥನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಹೆಸರಿನಲ್ಲಿ ಊರೂ ಬೆರೆತುಹೋಗಿದೆ. ಆದರೂ ಹಾಸನದ ರಾಜಕಾರಣಿಗಳಲ್ಲಿ ಅವರ ಹಾದಿ ಹಿಡಿದವರು ಕಾಣುವುದಿಲ್ಲ.

ಕಾಣಬೇಕಿತ್ತು, ಏಕೆಂದರೆ ಬರೆಯಲು ಇಷ್ಟು ಸಾಮಗ್ರಿ ಇರುವ ಜಿಲ್ಲೆ ರಾಜ್ಯದಲ್ಲೇ ಕಡಿಮೆ.

ಹೊಳೆನರಸೀಪುರವನ್ನೇ ತೆಗೆದುಕೊಳ್ಳಿ. ಕೆಂಗಲ್ ಹನುಮಂತಯ್ಯನವರ ಸಂಪುಟದಲ್ಲಿದ್ದ ಎ.ಜಿ. ರಾಮಚಂದ್ರರಾವ್ ಅವರಿಂದ ಆ ತಾಲ್ಲೂಕಿನ ಚುನಾವಣಾ ಚರಿತ್ರೆ ಶುರುವಾಗುತ್ತದೆ. 1962ರಲ್ಲಿ ಹರದನಹಳ್ಳಿಯ ಎಚ್.ಡಿ. ದೇವೇಗೌಡ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತು ಗೆದ್ದರು. ವಿರೋಧ ಪಕ್ಷದ ನಾಯಕರಾದರು, ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋದರು, ಹೆಗಡೆ ಸರ್ಕಾರದಲ್ಲಿ ನೀರಾವರಿ ನೋಡಿಕೊಂಡರು, ನೀರಾವರಿಗೆ ಹಣ ಸಾಲದೆಂದು 1987ರಲ್ಲಿ ಸಂಪುಟ ಬಿಟ್ಟರು. 1989ರಲ್ಲಿ ಅದೇ ಹೊಳೆನರಸೀಪುರದಲ್ಲಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. 1994ರಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ಕ್ಕೆ ಪ್ರಧಾನಿ. 1999ರ ಲೋಕಸಭಾ ಚುನಾವಣೆಯಲ್ಲಿ ಹಾಸನದಲ್ಲಿ ಮತ್ತೆ ಅದೇ ಪುಟ್ಟಸ್ವಾಮಿಗೌಡರ ಎದುರು ಸೋಲು. 2024ರಲ್ಲಿ ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರನ್ನು ಸೋಲಿಸಿ ಹಾಸನದಿಂದ ಸಂಸತ್ತಿಗೆ ಹೋದ ಶ್ರೇಯಸ್ ಪಟೇಲ್ ಪುಟ್ಟಸ್ವಾಮಿಗೌಡರ ಮೊಮ್ಮಗ. ಒಂದೇ ತಾಲ್ಲೂಕಿನ ಎರಡು ಮನೆಗಳು ಮೂರು ತಲೆಮಾರು ಎದುರುಬದುರು. ಇಷ್ಟು ನಾಟಕೀಯವಾದ ರಾಜಕೀಯ ಕಥೆ ಬ್ರಿಟನ್ನಿನಲ್ಲಿ ನಡೆದಿದ್ದರೆ ಒಂದು ಕಪಾಟು ತುಂಬ ಪುಸ್ತಕಗಳಿರುತ್ತಿದ್ದವು.

ನಮ್ಮಲ್ಲಿ ಏನಿದೆ? ದೇವೇಗೌಡರ ಬದುಕಿನ ಬಗ್ಗೆ ಕೂಲಂಕಷವಾಗಿ ಬಂದ ಪುಸ್ತಕ ಪತ್ರಕರ್ತ ಸುಗತ ಶ್ರೀನಿವಾಸರಾಜು 2021ರಲ್ಲಿ ಬರೆದ 'ಫರೋಸ್ ಇನ್ ಎ ಫೀಲ್ಡ್'. ಅದು ಇಂಗ್ಲಿಷಿನಲ್ಲಿ ಬಂತು. ಹೊಳೆನರಸೀಪುರದ ರೈತನ ಮಗ ದೆಹಲಿಯ ಗದ್ದುಗೆ ಏರಿದ ಕಾಲು ಶತಮಾನದ ನಂತರ ಬಂತು. ಒಳ್ಳೆಯ ಕೆಲಸ, ಪತ್ರಕರ್ತ ಮಾಡಬೇಕಾದ್ದನ್ನು ಮಾಡಿದ್ದಾರೆ. ಆದರೆ ಸದನದಲ್ಲಿ ಅವರ ಪಕ್ಕದಲ್ಲೋ ಎದುರಿನಲ್ಲೋ ಕೂತಿದ್ದವರು ಯಾರೂ ಪೆನ್ನು ಹಿಡಿದು ಅಂಥ ಪುಸ್ತಕ ಬರೆಯಲಿಲ್ಲ. ಪುಟ್ಟಸ್ವಾಮಿಗೌಡರ ಮಟ್ಟಿಗಂತೂ ಜಿಲ್ಲೆಯ ನೆನಪು ಇನ್ನೂ ಬಾಯಿಮಾತಿನಲ್ಲೇ ಇದೆ.

ಅರಕಲಗೂಡಿಗೆ ಬನ್ನಿ. 1980 ಮತ್ತು 1984ರಲ್ಲಿ ಹಾಸನದ ಸಂಸದರಾಗಿದ್ದ ಎಚ್.ಎನ್. ನಂಜೇಗೌಡರು ನೀರಾವರಿಯ ಮಾತು ಬಂದರೆ ಎದುರಿನವರು ಎಚ್ಚರದಿಂದ ಮಾತಾಡಬೇಕಾದಷ್ಟು ಅಭ್ಯಾಸ ಮಾಡಿದ್ದವರು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. 37 ಟಿಎಂಸಿ ನೀರು, ಮುಳುಗಿದ ಊರುಗಳು, ಮಳೆಗಾಲದಲ್ಲಿ ಈಗಲೂ ನೀರಿನಲ್ಲಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚು, ಮುಳುಗಡೆಯವರಿಗೆ ಕೊಟ್ಟ ಜಮೀನಿನ ಮುಗಿಯದ ತಕರಾರು, ತುಮಕೂರಿಗೆ ಎಷ್ಟು ಹಾಸನಕ್ಕೆ ಎಷ್ಟು ಎಂಬ ಜಗಳ, ಇವೆಲ್ಲದರ ಹಿಂದೆ ಯಾರೋ ಒಂದು ದಿನ ಒಂದು ಕಡತಕ್ಕೆ ಸಹಿ ಹಾಕಿದ್ದಾರೆ. ಯಾರು ಒತ್ತಾಯಿಸಿದರು, ಯಾರು ತಡೆದರು, ಯಾರು ಸೋತು ಸುಮ್ಮನಾದರು? ಎಂಜಿನಿಯರುಗಳ ವರದಿಯಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ರಾಜಕಾರಣಿಯ ಜೀವನಚರಿತ್ರೆಯಲ್ಲಿ ಇರಬೇಕು. ಅದೇ ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿಯವರು ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿಯನ್ನು ಶೋಧಿಸಿದ ಜಂಟಿ ಸದನ ಸಮಿತಿಯ ಅಧ್ಯಕ್ಷರಾಗಿದ್ದರು. ಆ ಸಮಿತಿಯ ವರದಿ ರಾಜಧಾನಿಯ ದೊಡ್ಡ ದೊಡ್ಡವರ ನಿದ್ದೆ ಕೆಡಿಸಿತು. ಹಳ್ಳಿಗಾಡಿನ ಶಾಸಕರೊಬ್ಬರು ಬೆಂಗಳೂರಿನ ಸರ್ವೆ ನಂಬರುಗಳ ಹಿಂದೆ ಬಿದ್ದ ಆ ದಿನಗಳನ್ನು ಸಮಿತಿಯಲ್ಲಿ ಜೊತೆಗಿದ್ದವರು ಬರೆದರೆ ಕನ್ನಡಕ್ಕೊಂದು ಹೊಸ ಬಗೆಯ ಪುಸ್ತಕ ಸಿಗುತ್ತದೆ.

ಚನ್ನರಾಯಪಟ್ಟಣದ ಎಚ್.ಸಿ. ಶ್ರೀಕಂಠಯ್ಯನವರು 1989ರಲ್ಲಿ ಸಂಸದರು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಂದಾಯ ಸಚಿವರು. ಅವರ ಕ್ಷೇತ್ರದ ಹೆಸರೇ ಶ್ರವಣಬೆಳಗೊಳ. ಆ ತಾಲ್ಲೂಕು ಬರವಣಿಗೆಗೆ ಬಡವಾದದ್ದೂ ಅಲ್ಲ. ಸಂತೇಶಿವರದ ಎಸ್.ಎಲ್. ಭೈರಪ್ಪನವರು ಆತ್ಮಕಥೆ 'ಭಿತ್ತಿ'ಯಲ್ಲಿ ತಮ್ಮ ಬಾಲ್ಯದ ಹಸಿವನ್ನೂ ಸಾವುಗಳನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿಟ್ಟು ಹೋದರು. ಬೆಳಗೊಳದ ಬೆಟ್ಟಗಳ ಬಂಡೆಗಳಲ್ಲಿ ಬಿ.ಎಲ್. ರೈಸ್ 1889ರಲ್ಲಿ 144 ಶಾಸನ ಓದಿದ್ದರು, ಆರ್. ನರಸಿಂಹಾಚಾರ್ 1923ರ ಹೊತ್ತಿಗೆ ಅದನ್ನು 500ಕ್ಕೆ ಏರಿಸಿದರು. ಆ ಶಾಸನಗಳಲ್ಲಿ ಬಹಳಷ್ಟು ತೀರಿಕೊಂಡವರ ಬದುಕನ್ನು ಕುರಿತವು. ಹೊಯ್ಸಳರ ದಂಡನಾಯಕ ಗಂಗರಾಜ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ ಇವರ ನೆನಪಿಗೆ ಶಾಸನ ನಿಲ್ಲಿಸಿದ. ಮಂತ್ರಿಗಳು ಇನ್ನೊಬ್ಬರ ಬದುಕನ್ನು ಕಲ್ಲಿನ ಮೇಲೆ ಬರೆಸುತ್ತಿದ್ದ ಊರು ಅದು.

ಈಗಿನ ಮಂತ್ರಿಗಳಿಗೆ ಸಿಗುವುದು ಅಭಿನಂದನಾ ಗ್ರಂಥ. ಅರವತ್ತು, ಎಪ್ಪತ್ತೈದು ತುಂಬಿದಾಗ ದಪ್ಪ ರಟ್ಟಿನ, ಬಣ್ಣದ ಚಿತ್ರಗಳ ಪುಸ್ತಕ ಬರುತ್ತದೆ; ಮಠಾಧೀಶರ ಆಶೀರ್ವಚನ, ಸಹೋದ್ಯೋಗಿಗಳ ಶುಭಾಶಯ, ಕಾಮಗಾರಿಗಳ ಪಟ್ಟಿ. ಸೋಲಿಗೆ ಅದರಲ್ಲಿ ಜಾಗವಿಲ್ಲ. ಎದುರಾಳಿಯ ಹೆಸರೇ ಇರುವುದಿಲ್ಲ. ಒಂದು ಕೆಟ್ಟ ನಿರ್ಧಾರವನ್ನು ಏಕೆ ತೆಗೆದುಕೊಂಡರೆಂದು ಕೇಳುವ ಲೇಖನ ಒಂದೂ ಇರುವುದಿಲ್ಲ. ಇನ್ನು ನಿಜಲಿಂಗಪ್ಪ, ಕಡಿದಾಳ್ ಮಂಜಪ್ಪನವರಂಥ ಹಿರಿಯರು ಆತ್ಮಕಥೆ ಬರೆದು ಉಪಕಾರ ಮಾಡಿದ್ದಾರೆ. ಆತ್ಮಕಥೆ ಬೇಕು. ಆದರೆ ತನ್ನ ಬಗ್ಗೆ ಬರೆಯುವಾಗ ಮನುಷ್ಯ ತನ್ನ ಪರ ವಕೀಲನಾಗುತ್ತಾನೆ. ಇನ್ನೊಬ್ಬರ ಬಗ್ಗೆ ಬರೆಯುವಾಗಲೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಬೇಕಾಗುವುದು.

ರಾಜಕಾರಣಿಗಳು ಬರೆದರೆ ಪಕ್ಷಪಾತವಿರುತ್ತದೆ ಎಂಬ ಆಕ್ಷೇಪ ಬರುತ್ತದೆ. ಇರುತ್ತದೆ. ಚರ್ಚಿಲ್ ಮಾರ್ಲ್‌ಬರೊ ಸಂಪುಟಗಳನ್ನು ಬರೆದದ್ದೇ ಪೂರ್ವಜನ ಮೇಲೆ ಮೆಕಾಲೆ ಹೊರಿಸಿದ ಕಳಂಕ ತೊಳೆಯಲು. ನಮ್ಮ ಶಿಕ್ಷಣದ ಚರ್ಚೆಯಲ್ಲಿ ಇಂದಿಗೂ ಬಯ್ಯಿಸಿಕೊಳ್ಳುವ ಅದೇ ಮೆಕಾಲೆ. ಆದರೆ ಆ ಕೆಲಸಕ್ಕಾಗಿ ಚರ್ಚಿಲ್ ಮನೆತನದ ಪತ್ರಾಗಾರ ಶೋಧಿಸಿದರು, ಇತಿಹಾಸಕಾರರನ್ನು ಸಹಾಯಕರಾಗಿ ಇಟ್ಟುಕೊಂಡರು, ಯುದ್ಧ ನಡೆದ ನೆಲದ ಮೇಲೆ ಓಡಾಡಿ ಬಂದರು. ಯಾರ ಕಡೆ ನಿಂತು ಬರೆದಿದ್ದಾರೆಂದು ಓದುಗನಿಗೆ ಗೊತ್ತು, ಆಧಾರ ಕಣ್ಣೆದುರಿಗಿದೆ, ಒಪ್ಪಬಹುದು, ಬಿಡಬಹುದು. ಹೆಸರಿಲ್ಲದೆ ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಚರಿತ್ರೆಗಿಂತ ಹೆಸರು ಹಾಕಿ ಬರೆದ ಪಕ್ಷಪಾತ ಎಷ್ಟೋ ಮೇಲು. ರಾಜಕಾರಣಿಗಳಿಗೆ ಬರೆಯಲು ಬರುವುದಿಲ್ಲ ಎನ್ನುವುದೂ ಸರಿಯಲ್ಲ. ನಮ್ಮ ಜಿಲ್ಲೆಯ ಹಳೆಯ ತಲೆಗಳು ವೇದಿಕೆ ಹತ್ತಿದರೆ ನಲವತ್ತು ವರ್ಷದ ಹಿಂದಿನ ಸದನದ ಮಾತನ್ನು ಸಂದರ್ಭ ಸಮೇತ ಒಪ್ಪಿಸುತ್ತಾರೆ. ಪಕ್ಕದಲ್ಲಿ ಬರೆದುಕೊಳ್ಳುವವರೊಬ್ಬರು ಬೇಕು, ಅಷ್ಟೆ.

ಆಧಾರಗಳಂತೂ ದಿನದಿನಕ್ಕೆ ಕರಗುತ್ತಿವೆ. ಸದನದ ಚರ್ಚೆಗಳು ವಿಧಾನಸೌಧದ ಗ್ರಂಥಾಲಯದಲ್ಲಿ ಅಚ್ಚಾಗಿ ಇವೆ, ಅದು ಪುಣ್ಯ. ಉಳಿದದ್ದೆಲ್ಲ ಮನೆಗಳಲ್ಲಿದೆ. ಮಾಜಿ ಶಾಸಕರ ಅಟ್ಟದಲ್ಲಿರುವ ಲೆಟರ್‌ಹೆಡ್ ಪ್ರತಿಗಳು, ಜನ ಕೊಟ್ಟ ಅರ್ಜಿಗಳು, ಪ್ರವಾಸದ ಡೈರಿ, ಮುಖ್ಯಮಂತ್ರಿಗೆ ಬರೆದ ಖಾರದ ಪತ್ರದ ಕಾರ್ಬನ್ ಪ್ರತಿ, ಚುನಾವಣೆಯ ಕರಪತ್ರ, ಮತಗಟ್ಟೆವಾರು ಲೆಕ್ಕದ ಚೀಟಿ. ಯಜಮಾನರು ತೀರಿಕೊಂಡ ವರ್ಷದೊಳಗೆ ಮನೆಗೆ ಸುಣ್ಣ ಹೊಡೆಸುವಾಗ ಇವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಹೆಗ್ಗಡೆ ಕಣ್ಣನಿಗಾದರೂ ಕಲ್ಲು ಕೆತ್ತುವ ಶ್ರಮವಿತ್ತು.

ಹಾಸನದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಜಿಲ್ಲೆಯ ಜನಪ್ರತಿನಿಧಿಗಳ ಕಾಗದಪತ್ರಗಳಿಗೆಂದೇ ಒಂದು ಕೋಣೆ ತೆಗೆಯಬೇಕು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ, ಶಾಸಕರ ನಿಧಿಯಲ್ಲೇ ಆಗುವ ಕೆಲಸ. ಕನ್ನಡ ಪುಸ್ತಕ ಪ್ರಾಧಿಕಾರ ಮನಸ್ಸು ಮಾಡಿದರೆ ಜಿಲ್ಲೆಗೊಂದರಂತೆ ರಾಜಕೀಯ ಜೀವನಚರಿತ್ರೆಗಳ ಮಾಲೆ ತರಬಹುದು. ಒಂದೇ ಷರತ್ತು ಇರಲಿ, ಬರೆಯುವವರು ಬರೆಸಿಕೊಳ್ಳುವವರ ಪಕ್ಷದವರಾಗಿರಬಾರದು. ದೇವೇಗೌಡರ ಬದುಕನ್ನು ಹಾಸನದ ಒಬ್ಬ ಕಾಂಗ್ರೆಸ್ಸಿಗರು ಬರೆಯಲಿ. ಪುಟ್ಟಸ್ವಾಮಿಗೌಡರ ಬದುಕನ್ನು ಜನತಾದಳದಲ್ಲಿ ಬೆಳೆದವರೊಬ್ಬರು ಬರೆಯಲಿ. ಹಳೆಯ ಕಾರ್ಯಕರ್ತರು, ಆಪ್ತ ಸಹಾಯಕರು, ಜೀಪು ಓಡಿಸಿದವರು ಇನ್ನೂ ಕೆಲವರು ಇದ್ದಾರೆ, ಅವರಿಗೂ ವಯಸ್ಸಾಗಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಾಜಿ ಶಾಸಕರು, ಮಾಜಿ ಜಿಲ್ಲಾ ಪಂಚಾಯಿತಿ ಸದಸ್ಯರು ಮುಂದಿನ ಟಿಕೆಟ್ಟಿಗೆ ಕಾಯುವ ದಿನಗಳಲ್ಲಿ ಈ ಕೆಲಸಕ್ಕೆ ಕೂರಲಿ. ಅವರ ಮನೆಯವರು ಅಟ್ಟದ ಮೇಲಿನ ಟ್ರಂಕನ್ನು ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ಬಿಚ್ಚಿ ನೋಡಲಿ.